ಮನಿ ನೋಡಾಕ ಬಂದವರು

ಬಾಗಿಲು ಬಡಿದ ಸದ್ದಾದರೆ ನಾನು ಇವತ್ತಿಗೂ ಮೊದಲು ನನ್ನ ಕೈ ನೋಡಿಕೊಳ್ಳುತ್ತೇನೆ. ಹಿಟ್ಟು ಮೆತ್ತಿದೆಯೇ, ನೂಲಿನ ಬಣ್ಣ ಹತ್ತಿದೆಯೇ, ಉಗುರ ಸಂದಿಯಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಿ, ಸೆರಗಿಗೆ ಒರೆಸಿಕೊಂಡು, ಆಮೇಲೆ ಕದ ತೆಗೆಯುತ್ತೇನೆ. ಹೊರಗೆ ನಿಂತವರು ಗ್ಯಾಸಿನವನೋ, ಮೀಟರು ನೋಡುವವನೋ, ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವರೋ ಆಗಿರುತ್ತಾರೆ. ಅವರಿಗೆ ನನ್ನ ಕೈ ತೆಗೆದುಕೊಂಡು ಏನಾಗಬೇಕು? ಆದರೂ ಬಿಡದು. ನನ್ನ ಮಗಳಿಗೆ ಇದೊಂದು ತಮಾಷೆ.

"ಅವ್ವಾ, ಸಿಲಿಂಡರ ತಂದಾಂವ ನಿನ್ನ ಕೈ ನೋಡಿ ಭವಿಷ್ಯ ಹೇಳತಾನನು?"

ನಗಲಿ ಬಿಡಿ. ಅವಳಿಗೇನು ಗೊತ್ತು? ನಾನು ಹನ್ನೊಂದರವಳಿದ್ದಾಗ ಬೆಟಗೇರಿಯ ನಮ್ಮ ಚಿಗವ್ವನ ಮನೆಗೆ ಒಬ್ಬ ಹೆಣ್ಣುಮಗಳು ಬಂದಿದ್ದರು. ಬಗಲಲ್ಲಿ ಚೀಲ, ಚೀಲದಲ್ಲಿ ಫಾರ್ಮು, ಮೂಗಿನ ತುದಿಗೆ ಇಳಿದ ಕನ್ನಡಕ. ಚಿಗವ್ವ ನಮ್ಮನ್ನು ಸಾಕಲು ತಕ್ಕವಳೇ ಅಲ್ಲವೇ ಎಂದು ನೋಡಿ ಬರೆಯುವುದು ಅವರ ಕೆಲಸ. ಅವರು ತಕ್ಕವಳಲ್ಲ ಎಂದು ಬರೆದಿದ್ದರೆ ನಾನೊಂದು ದಿಕ್ಕಿಗೆ, ನನ್ನ ತಮ್ಮ ಸಿದ್ದು ಇನ್ನೊಂದು ದಿಕ್ಕಿಗೆ ಹೋಗುತ್ತಿದ್ದೆವು. ಅವರು ಹಾಗೆ ಬರೆಯುವಂತೆ ಮಾಡಲು ನಾನೂ ನಮ್ಮ ಆಯಿಯೂ, ಅಂದರೆ ಅವ್ವನ ತಾಯಿಯೂ, ಸೇರಿ ಮಾಡಿದ ಕಸರತ್ತು ನೆನಪಾದರೆ ಈಗಲೂ ಮೈ ಬೆವರುತ್ತದೆ. ಬೇಕಂತ ಮಾಡಿದ್ದಲ್ಲ. ಛಲೋ ಆಗಲಿ ಎಂದೇ ಮಾಡಿದ್ದು.

ಅದಕ್ಕೂ ಮೊದಲು ನಾವು ಶಿರಹಟ್ಟಿಯಲ್ಲಿದ್ದೆವು. ಸಿದ್ದು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಹೋಗಿದ್ದ. ಅವ್ವ ಮನೆಯಲ್ಲೇ ಹೊಲಿಗೆ ಮಾಡಿ ನಮ್ಮಿಬ್ಬರನ್ನೂ ನೋಡಿಕೊಂಡಳು. ಅವಳಿಗೆ ಕಾಮಣಿಯಾಯಿತು, ಊರ ಔಷಧ, ಹಳ್ಳಿಯ ಔಷಧ ಎಲ್ಲ ಮುಗಿಸಿ ಗದಗಿನ ದವಾಖಾನೆಗೆ ತರುವ ಹೊತ್ತಿಗೆ ಕಣ್ಣು ಅರಿಷಿಣವಾಗಿದ್ದವು. ಮೂರನೇ ದಿನಕ್ಕೆ ಅವಳೂ ಹೋದಳು. ದವಾಖಾನೆಯವರು ಯಾರಿಗೋ ಫೋನು ಮಾಡಿದರು, ಅವರು ಇನ್ಯಾರಿಗೋ. ಮಣ್ಣು ಮಾಡಿ ಬಂದ ಮೇಲೆ ನಮ್ಮನ್ನು ಒಂದು ಕೋಣೆಯಲ್ಲಿ ಕೂಡಿಸಿ ಹೆಸರು ಬರೆದುಕೊಂಡರು. ನನ್ನನ್ನು ಹೆಣ್ಣುಮಕ್ಕಳ ಪಾಲನಾ ಮನೆಗೆ, ಸಿದ್ದುವನ್ನು ಗಂಡುಮಕ್ಕಳದಕ್ಕೆ ಕಳಿಸಿದರು. ಅಲ್ಲಿ ಊಟ ಇತ್ತು, ಹಾಸಿಗೆ ಇತ್ತು, ಯಾರೂ ಬೈಯಲಿಲ್ಲ. ಆದರೆ ಆರು ವರ್ಷದ ಸಿದ್ದುವಿಗೆ ನನ್ನ ಲಂಗದ ತುದಿ ಹಿಡಿಯದೆ ನಿದ್ದೆ ಬರುತ್ತಿರಲಿಲ್ಲ. ಅಲ್ಲಿ ಅವನು ಏನು ಹಿಡಿದು ಮಲಗುತ್ತಾನೆ ಎಂದು ನಾನು ಹೊರಳಾಡುತ್ತಿದ್ದೆ. ಹದಿನೆಂಟು ದಿನ ಹಾಗೆ ಕಳೆದವು.

ಆಮೇಲೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಮ್ಮನ್ನು ಕರೆದರು. ಉದ್ದನೆಯ ಮೇಜು, ಆಚೆ ನಾಲ್ಕೈದು ಜನ. ಈಚೆ ನಮ್ಮ ಎರಡು ಕಡೆಯ ಬಳಗ. ಒಂದು ಕಡೆ ಲಕ್ಷ್ಮೇಶ್ವರದ ದೊಡ್ಡಪ್ಪ, ನಮ್ಮ ಅಪ್ಪನ ಅಣ್ಣ. ಕಾಳಿನ ಅಂಗಡಿ, ಮಾಳಿಗೆ ಮನೆ, ಮೂರು ಹೆಣ್ಣುಮಕ್ಕಳು, ಗಂಡುಮಗನಿಲ್ಲ. ಇನ್ನೊಂದು ಕಡೆ ಚಿಗವ್ವ, ನಮ್ಮ ಅವ್ವನ ತಂಗಿ ನೀಲವ್ವ. ಮುಂಡರಗಿಯ ಗಂಡನ ಮನೆಯನ್ನು ಒಂದು ಟ್ರಂಕಿನೊಂದಿಗೆ ಬಿಟ್ಟು ಬಂದು, ಬೆಟಗೇರಿಯಲ್ಲಿ ತಾಯಿಯ ಜೊತೆ ಮಗ್ಗ ನೇಯ್ದುಕೊಂಡಿದ್ದವಳು. ದೊಡ್ಡಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಹೇಳಿದ:

"ಹುಡುಗನ್ನ ನಾ ಒಯ್ತೇನ್ರಿ. ನಮ್ಮ ಮನಿ ಕುಡಿ. ಹುಡುಗಿದು ನೀವ ಏನರ ವ್ಯವಸ್ಥಾ ಮಾಡ್ರಿ. ನನಗ ಆಗಲೇ ಮೂರು ಅದಾವು."

ಚಿಗವ್ವ ಎದ್ದು ನಿಂತಳು. ಅವಳು ಯಾವತ್ತೂ ಅಂಥ ಕೋಣೆಯಲ್ಲಿ ಮಾತಾಡಿದವಳಲ್ಲ. ಬೆವರಿದ ಕೈಯನ್ನು ಸೀರೆಗೆ ಒರೆಸುತ್ತಲೇ ಇದ್ದಳು.

"ಎರಡೂ ಕೂಡೇ ಕೊಡ್ರಿ. ಒಂದನ್ನ ಕೊಟ್ರ ನಾನೂ ಒಯ್ಯಂಗಿಲ್ಲ, ಅವರಿಗೂ ಕೊಡಬ್ಯಾಡ್ರಿ."

ಮೇಜಿನ ಆಚೆಯವರು ತಮ್ಮತಮ್ಮಲ್ಲಿ ಮಾತಾಡಿದರು. ಎರಡೂ ಮನೆಗೆ ಹೋಗಿ ನೋಡಿ ವರದಿ ಕೊಡಲು ನಾನು ಆಗಲೇ ಹೇಳಿದ ಆ ಕನ್ನಡಕದ ಶಾರದಾ ಮೇಡಮ್ಮಾರಿಗೆ ಹೇಳಿದರು. ಅಲ್ಲಿಯ ತನಕ ಮಕ್ಕಳು ಕೂಡಿ ಬೆಟಗೇರಿಯಲ್ಲಿರಲಿ ಎಂದರು. ದೊಡ್ಡಪ್ಪ ಹೊರಗೆ ಬಂದು ಚಿಗವ್ವನಿಗೆ ಕೇಳುವಂತೆ, "ನೋಡ್ಲಿ, ನೋಡ್ಲಿ. ನಮ್ಮ ಮನಿ ನೋಡಿದ ಕಣ್ಣೀಲೆ ಇವ್ರ ಮನಿ ನೋಡ್ಲಿ" ಅಂದ. ಅವನು ಹೇಳಿದ್ದು ಖರೆ ಇತ್ತು.

ಚಿಗವ್ವನ ಮನೆ ಎಂದರೆ ಮಗ್ಗ. ಮಗ್ಗದ ಸುತ್ತ ಉಳಿದ ಜಾಗದಲ್ಲಿ ನಾಲ್ಕು ಜನ. ಪಡಸಾಲೆಯ ಮುಕ್ಕಾಲು ಭಾಗವನ್ನು ಅದು ನುಂಗಿತ್ತು. ನೇಯುವವರು ಕಾಲಿಳಿಬಿಟ್ಟು ಕೂರಲು ನೆಲದಲ್ಲಿ ತೋಡಿದ ಕುಣಿ, ಮೇಲೆ ಕಟ್ಟಿಗೆಯ ಚೌಕಟ್ಟು, ಅದರ ತುಂಬ ಬಿಗಿದ ಎಳೆಗಳು. ಉಳಿದ ಕಾಲು ಭಾಗದಲ್ಲಿ ಆಯಿಯ ರಾಟಿ, ಅದರಲ್ಲಿ ನೂಲು ಸುತ್ತಿದ ಕಂಡಿಕೆಯ ಬುಟ್ಟಿ, ದೇವರ ಜಗಲಿ, ಸಿದ್ದುವಿನ ಪಾಟಿಚೀಲ. ಒಳಗೆ ಅಡುಗೆಮನೆ, ಅಡುಗೆಮನೆಯ ತುಂಬ ನೀರಿನ ಬ್ಯಾರಲ್ಲು. ನಮ್ಮ ಕಡೆ ನಳ ಎಂಟು ಹತ್ತು ದಿನಕ್ಕೊಮ್ಮೆ ಬರುವುದು, ಹಾಗಾಗಿ ಮನೆಯಲ್ಲಿ ಮನುಷ್ಯರಿಗಿಂತ ಮೊದಲು ನೀರಿಗೆ ಜಾಗ. ಹಾಸಿಗೆ ಹಾಸುವಾಗ ಆಯಿ ಒಲೆಯ ಹತ್ತಿರ, ಚಿಗವ್ವ ಬಾಗಿಲಿಗೆ ಅಡ್ಡ, ನಾವಿಬ್ಬರೂ ಮಗ್ಗದ ಕೆಳಗೆ. ಸಿದ್ದು ಕುಣಿಗೆ ಬೀಳಬಾರದೆಂದು ಚಿಗವ್ವ ಅದರ ಮೇಲೆ ಹಲಗೆ ಹೊಚ್ಚುತ್ತಿದ್ದಳು. ಮಲಗಿ ಮೇಲೆ ನೋಡಿದರೆ ಎಳೆಗಳು. ಸಿದ್ದು ನನ್ನ ಲಂಗದ ತುದಿ ಹಿಡಿದುಕೊಂಡು ಅವನ್ನು ಎಣಿಸಲು ಹೋಗಿ ಇಪ್ಪತ್ತಕ್ಕೆ ನಿದ್ದೆ ಹೋಗುತ್ತಿದ್ದ.

ಊಟದ ರೀತಿಯೂ ಬೇರೆ. ಚಿಗವ್ವ ಬೆಳಗಿನ ಜಾವ ಎದ್ದು ಎರಡು ಹೊತ್ತಿನ ರೊಟ್ಟಿ ಬಡಿದು ಬುಟ್ಟಿಗೆ ಹಾಕಿಬಿಡುವಳು. ಆಮೇಲೆ ಮಗ್ಗಕ್ಕೆ ಇಳಿದರೆ ಹೊತ್ತು ಇಳಿಯುವ ತನಕ ಏಳುತ್ತಿರಲಿಲ್ಲ. ಅವಳ ರೊಟ್ಟಿಯ ಸಪ್ಪಳ ಮುಗಿದು ಮಗ್ಗದ ಸಪ್ಪಳ ಶುರುವಾಗುವ ನಡುವಿನ ಐದು ನಿಮಿಷ ಮಾತ್ರ ಮನೆ ಸುಮ್ಮನಿರುತ್ತಿತ್ತು. ಪುಂಡಿಪಲ್ಯ, ಶೇಂಗಾ ಚಟ್ನಿ, ಅಮವಾಸ್ಯೆಗೆ ಸಜ್ಜಕ. ಅಮವಾಸ್ಯೆಯ ದಿನ ಮಗ್ಗಕ್ಕೆ ವಿಶ್ರಾಂತಿ. ಆಯಿ ಅದಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕೈಮುಗಿದು, ತಕ್ಷಣವೇ ಮಗಳ ಜೊತೆ ಜಗಳಕ್ಕೆ ಕೂಡುವಳು. ಬೇರೆ ದಿನ ಮಗ್ಗದ ಸದ್ದಿನಲ್ಲಿ ಜಗಳ ಕೇಳಿಸುವುದಿಲ್ಲವೆಂದು ಎಲ್ಲ ಅವತ್ತಿಗೇ ಉಳಿಸಿಟ್ಟುಕೊಳ್ಳುತ್ತಿದ್ದಳೋ ಏನೋ. ಮುಂಡರಗಿಯ ಅಳಿಯನಿಂದ ಹಿಡಿದು ಚಟ್ನಿಗೆ ಹಾಕಿದ ಉಪ್ಪಿನ ತನಕ ಅವಳಿಗೆ ತಕರಾರು. ಒಂದು ವಿಷಯದಲ್ಲಿ ಮಾತ್ರ ಚಿಗವ್ವ ತಾಯಿಗೆ ತಿರುಗಿ ನಿಂತಿದ್ದಳು. ನಾವು ಬಂದ ಎರಡನೇ ದಿನವೇ ಆಯಿ ನನ್ನನ್ನು ರಾಟಿಯ ಮುಂದೆ ಕೂಡಿಸಲು ಹೋದಳು.

"ಬ್ಯಾಡಬೇ ಯವ್ವಾ. ಅಕಿ ಓದ್ಕೊಳ್ಳಿ. ನಾವು ಸುತ್ತಿದ್ದ ಸಾಕು."

"ಹೆಣ್ಣಮಗಳು, ನಾಳೆ ಕೈಗೆ ಏನ ಬರಬೇಕದು?"

"ಅಕ್ಷರ ಬರ್ಲಿ."

ಅಷ್ಟೇ. ನಾನು ಓದುವ ಮಗಳೇನೂ ಆಗಿರಲಿಲ್ಲ, ಪುಸ್ತಕದ ಮೇಲೆ ಕೂತು ಕಿವಿಯನ್ನು ಬಾಗಿಲಿಗೆ ಕೊಟ್ಟಿರುತ್ತಿದ್ದೆ. ಓಣಿಯಲ್ಲಿ ಚಪ್ಪಲಿಯ ಸದ್ದು ಕೇಳಿದರೆ ಪುಸ್ತಕ ಮುಚ್ಚಿ ಏಳುವುದು. ಬಂದರೇ? ಅವರೇ? ಎರಡು ವಾರ ನಾನು ಒಂದು ಕಡೆ ಕೂತಿದ್ದು ನೆನಪಿಲ್ಲ. ಹೊರಗೆ ಹೋಗಿ ನೋಡುವುದು, ಒಳಗೆ ಬರುವುದು, ಸಿದ್ದುವಿನ ಮೂಗು ಒರೆಸುವುದು, ಮತ್ತೆ ಹೊರಗೆ.

ಕೊನೆಗೆ ಖಬರು ಬಂತು. ಶುಕ್ರವಾರ ಮೇಡಮ್ಮಾರು ಮನೆ ನೋಡಲು ಬರುತ್ತಾರೆ, ಹುಡುಗಿಯನ್ನು ಮಾತಾಡಿಸುತ್ತಾರೆ ಎಂದು. ಆಯಿ ಆ ಮಾತನ್ನು ಎರಡು ಸಲ ಹೇಳಿಸಿ ಕೇಳಿ ತಲೆ ಅಲ್ಲಾಡಿಸಿದಳು. ನಮ್ಮ ಓಣಿಯಲ್ಲಿ ಕಚೇರಿಯ ರೀತಿ ಯಾರಿಗೂ ಗೊತ್ತಿರಲಿಲ್ಲ. ಕನ್ಯಾ ತೋರಿಸುವ ರೀತಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಹೆಣ್ಣುಹುಡುಗಿ ಇರುವ ಮನೆಗೆ ಹೊರಗಿನವರು ಬರುತ್ತಾರೆ, ಮನೆ ನೋಡುತ್ತಾರೆ, ಹುಡುಗಿಯನ್ನು ಮಾತಾಡಿಸುತ್ತಾರೆ, ಒಪ್ಪಿದರೆ ಹ್ಞೂಂ ಅನ್ನುತ್ತಾರೆ. ಇದಕ್ಕಿಂತ ಬೇರೆ ಏನು?

"ಯವ್ವಾ, ಇದೇನ ಕನ್ಯಾ ತೋರ್ಸೋದನು?" ಎಂದು ಚಿಗವ್ವ ಕೇಳಿದ್ದು ನಿಜ.

"ಮತ್ತೇನ? ಹುಡುಗಿ ಗುಣವಂತಿ ಅದಾಳ, ಮನತನ ಚಲೋ ಐತಿ ಅಂತ ಅವ್ರ ಕಣ್ಣಿಗೆ ಕಾಣಬೇಕಿಲ್ಲ? ನೀ ಸುಮ್ನ ಕುಂಡ್ರ. ನಿನ್ನನ್ನ ತೋರ್ಸಿದಾಕಿ ನಾನ."

"ಅದಕ್ಕ ನೋಡು ನಾ ಮುಂಡರಗಿಯಿಂದ ತಿರುಗಿ ಬಂದಿದ್ದು" ಎಂದು ಚಿಗವ್ವ ಗೊಣಗಿದಳು. ಆದರೆ ತಡೆಯಲಿಲ್ಲ. ಅವಳಿಗೂ ಗೊತ್ತಿರಲಿಲ್ಲವಲ್ಲ, ಹೆದರಿಕೆ ಬೇರೆ. ಪಕ್ಕದ ಗುರವ್ವನ ಮನೆಯಿಂದ ಎರಡು ಕುರ್ಚಿ ಬಂದವು, ಇನ್ನೊಂದು ಮನೆಯಿಂದ ಗಾಜಿನ ಕಪ್ಪುಬಸಿ. ಆಯಿ ಮೂರು ದಿನ ನನಗೆ ಪಾಠ ಹೇಳಿದಳು. ತಲೆ ಎತ್ತಬಾರದು. ಕೇಳಿದ್ದಕ್ಕೆ ಇಲ್ಲ ಅನ್ನಬಾರದು. ಅಡುಗೆ ಬರುತ್ತದೆಯೇ ಎಂದರೆ ಎಲ್ಲ ಬರುತ್ತದೆ ಅನ್ನಬೇಕು. ಮುಂದಿನದನ್ನು ಕೇಳಿದರೆ ಹಿರಿಯರು ಹೇಳಿದಂತೆ ಅನ್ನಬೇಕು. ನಾನು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಸಿದ್ದು ನನ್ನ ಬಿಟ್ಟು ಹೋಗುವುದಿಲ್ಲವೆಂದರೆ ನಾನು ಏನು ಬೇಕಾದರೂ ಹೇಳಲು ತಯಾರಿದ್ದೆ.

ಶುಕ್ರವಾರ ನನಗೆ ಅವ್ವನ ಒಂದು ಹಳೆಯ ಇಳಕಲ್ಲ ಸೀರೆಯನ್ನು ಮಡಿಸಿ, ಸೊಂಟಕ್ಕೆ ದಾರ ಕಟ್ಟಿ ಉಡಿಸಿದರು. ಕೈತುಂಬ ಹಸಿರು ಬಳೆ, ತಲೆತುಂಬ ಮಲ್ಲಿಗೆ, ಹಣೆಗೆ ಕಾಸಗಲ ಕುಂಕುಮ. ಮೇಡಮ್ಮಾರು ಬಂದು ಕುರ್ಚಿಯ ಮೇಲೆ ಕೂತು ನೀರು ಕುಡಿಯುತ್ತಿದ್ದಾಗ ನಾನು ತಾಟಿನಲ್ಲಿ ಒಗ್ಗರಣೆ ಅವಲಕ್ಕಿ, ಚಹಾ ಹಿಡಿದುಕೊಂಡು, ಆಯಿ ಕಲಿಸಿದಂತೆ ನೆಲ ನೋಡುತ್ತ ಬಂದು, ತಾಟು ಇಟ್ಟು, ಅವರ ಕಾಲು ಮುಟ್ಟಿದೆ. ತಲೆ ಎತ್ತಬಾರದೆಂದಿದ್ದರೂ ಎತ್ತಿದೆ. ಅವರ ಮುಖ ಬಿಳಚಿಕೊಂಡಿತ್ತು. ಅವರು ಚಹಾ ಮುಟ್ಟಲಿಲ್ಲ.

"ಹುಡುಗಿಗೆ ಸೀರಿ ಯಾಕ ಉಡಿಸೀರಿ?" ಎಂದು ಚಿಗವ್ವನನ್ನು ಕೇಳಿದರು.

"ನೀವು ನೋಡಾಕ ಬರ್ತೀರಂತಲ್ರಿ, ಅದಕ್ಕ."

ಅವರು ಅದನ್ನು ಬರೆದುಕೊಂಡರು. ಆಮೇಲೆ ನನ್ನನ್ನು ಒಬ್ಬಳನ್ನೇ ಹಿತ್ತಲಿಗೆ ಕರೆದುಕೊಂಡು ಹೋದರು. ಮನೆಯವರ ಕಣ್ಣ ಮುಂದೆ ಹೇಳಲಾಗದ್ದನ್ನು ಮಗು ಅಲ್ಲಿ ಹೇಳಲಿ ಎಂದಿರಬೇಕು. ಅಲ್ಲಿ ಬಚ್ಚಲ ಕಲ್ಲಿನ ಮೇಲೆ ಕೂಡಿಸಿ, ಬಹಳ ಮೆಲ್ಲಗೆ, ಒಂದೊಂದಾಗಿ ಕೇಳಿದರು.

"ಮುಂಜಾನೆ ಎಷ್ಟಕ್ಕ ಏಳತಿ ತಂಗಿ?"

"ನಾಲ್ಕಕ್ಕರಿ."

"ಎದ್ದು?"

"ಕಸಾ ಹೊಡಿತೇನ್ರಿ, ನೀರ ತುಂಬತೇನ್ರಿ, ರೊಟ್ಟಿ ಬಡಿತೇನ್ರಿ. ಎಲ್ಲಾರಿಗೂ ನಾನ ಬಡಿತೇನ್ರಿ. ಆಮ್ಯಾಲ ಕಂಡಿಕಿ ಸುತ್ತತೇನ್ರಿ."

"ಸಾಲಿ?"

"ಮನಿಗೆಲಸ ಮುಗಿದ್ರ ಹೋಗತೇನ್ರಿ."

ಪೆನ್ನು ಓಡುತ್ತಿತ್ತು. ಅದು ಓಡಿದಷ್ಟೂ ನನಗೆ ಹುರುಪು. ನಾನು ಗೆಲ್ಲುತ್ತಿದ್ದೇನೆ ಅಂದುಕೊಂಡೆ. ಬಟ್ಟೆ ಒಗೆಯುತ್ತೇನೆ, ಆಯಿಯ ಕಾಲು ಒತ್ತುತ್ತೇನೆ, ಹೋಳಿಗೆಯೂ ಬರುತ್ತದೆ ಎಂದು ಕೇಳದಿದ್ದನ್ನೂ ಸೇರಿಸಿದೆ. ನನಗೆ ಅನ್ನ ಬಸಿಯಲೂ ಬರುತ್ತಿರಲಿಲ್ಲ. ಕೊನೆಗೆ ಅವರು ಪೆನ್ನು ನಿಲ್ಲಿಸಿ, ನನ್ನ ಎರಡೂ ಕೈ ತಮ್ಮ ಕೈಯಲ್ಲಿ ಹಿಡಿದು ಅಂಗೈ ಮೇಲೆ ಮಾಡಿ ನೋಡುತ್ತ ಕೇಳಿದರು:

"ನಿನ್ನ ಮದುವಿ ಬಗ್ಗೆ ಮನ್ಯಾಗ ಯಾರರ ಮಾತಾಡ್ಯಾರನು?"

"ಹಿರೇರು ಹೇಳಿದಂಗ ಕೇಳತೇನ್ರಿ."

ಹಿತ್ತಲ ಬಾಗಿಲ ಸಂದಿಯಿಂದ ಕೇಳುತ್ತಿದ್ದ ಆಯಿ ಸಮಾಧಾನದಿಂದ ಕೆಮ್ಮಿದಳು. ಮೇಡಮ್ಮಾರು ಫಾರ್ಮು ಚೀಲಕ್ಕೆ ಹಾಕಿಕೊಂಡು, ಹೋಗುವಾಗ ಚಿಗವ್ವನಿಗೆ ಎರಡೇ ಮಾತು ಹೇಳಿದರು. "ಮುಂದಿನ ಬುಧವಾರ ಸಮಿತಿ ಮುಂದ ಬರ್ರಿ. ಮಕ್ಕಳ ಅರಬಿ-ಬಟ್ಟಿ ಜೋಡಿಸಿ ತರ್ರಿ." ಅವಲಕ್ಕಿ ತಾಟಿನಲ್ಲಿ ಹಾಗೇ ಇತ್ತು. ಕನ್ಯಾ ನೋಡಲು ಬಂದವರು ಉಪ್ಪು ಮುಟ್ಟದೆ ಎದ್ದರೆ ಅದರ ಅರ್ಥ ಏನು ಎಂದು ಆಯಿಗೂ ಗೊತ್ತಿತ್ತು. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು.

ಅವತ್ತು ಅಮವಾಸ್ಯೆಯಲ್ಲ, ಆದರೂ ಮಗ್ಗ ನಿಂತಿತ್ತು. ಚಿಗವ್ವ ನನ್ನ ತಲೆಯ ಹೂ ತೆಗೆಯುತ್ತ, ಅವರು ಏನು ಕೇಳಿದರು, ನೀನು ಏನು ಹೇಳಿದೆ ಎಂದು ಒಂದೊಂದಾಗಿ ಬಿಡಿಸಿದಳು. ನಾನು ಹೆಮ್ಮೆಯಿಂದಲೇ ಹೇಳತೊಡಗಿದೆ. ನಾಲ್ಕಕ್ಕೆ ಏಳುವುದು ಹೇಳಿದಾಗ ಅವಳ ಕೈ ನಿಂತಿತು. ರೊಟ್ಟಿಯ ಮಾತು ಬಂದಾಗ ನನ್ನನ್ನು ತನ್ನ ಕಡೆ ತಿರುಗಿಸಿದಳು.

"ರೊಟ್ಟಿ? ನೀನು? ನೀ ಒಲಿ ಮುಂದ ಕುಂತಿದ್ದು ಯಾವಾಗಲೇ ಹುಚ್ಚಿ?"

"ಆಯಿ ಹೇಳಂದ್ಲು."

"ಹಾದ್ಯಾಗ ಹೋಗೋ ಮಾರಿನ ಮನಿಗೆ ಕರದಂಗ ಆತಲ್ಲಬೇ ಯವ್ವಾ! ಹುಡುಗಿನ್ನ ದುಡ್ಯಾಕ ಹಚ್ಚೇವಿ, ಮದುವಿ ಮಾಡಾಕ ನಿಂತೇವಿ ಅಂತ ಅವರು ಬರಕೊಂಡ ಹೋದ್ರು!"

ಆಯಿ ಬಾಯಿ ಬಡಿದುಕೊಂಡಳು. ತಾಯಿ ಮಗಳು ಇಬ್ಬರೂ ಏಕಕಾಲಕ್ಕೆ ಬೈದಾಡಿ, ಏಕಕಾಲಕ್ಕೆ ಅತ್ತರು. ಮರುದಿನ ಲಕ್ಷ್ಮೇಶ್ವರದಿಂದ ಗುರವ್ವನ ಮನೆಗೆ ದೊಡ್ಡಪ್ಪ ಫೋನು ಮಾಡಿದ್ದ. ಹುಡುಗನಿಗೆ ಶಾಲೆಯಲ್ಲಿ ಹೇಳಿಟ್ಟಿದ್ದೇನೆ, ಹೊಸ ಬೂಟು ತಂದಿದ್ದೇನೆ ಎಂದು. ಸಿದ್ದು ಬೂಟು ಎಂಬ ಮಾತು ಕೇಳಿ ಕುಣಿದ. ಅವನಿಗೆ ಒಂದು ಏಟು ಕೊಟ್ಟೆ. ಕೊಟ್ಟ ಮೇಲೆ ಅವನಿಗಿಂತ ನಾನೇ ಹೆಚ್ಚು ಅತ್ತೆ. ಚಿಗವ್ವ ಗದಗಿನ ಕಚೇರಿಗೆ ನಡೆದುಕೊಂಡು ಹೋದಳು. ಮೇಡಮ್ಮಾರು ಬೇರೆ ಊರಿಗೆ ಹೋಗಿದ್ದರು. ಬಾಗಿಲಲ್ಲಿದ್ದ ಜವಾನನ ಹತ್ತಿರ ಒಂದೇ ಒಂದು ಮಾತು ಹೇಳಿ ಬಂದಳು: "ಮೇಡಮ್ಮಾರು ಒಮ್ಮೆ ನಮ್ಮ ಮನಿಗೆ ಬಂದು ಆ ಹುಡುಗಿ ಕಡೆಯಿಂದ ಒಂದ ರೊಟ್ಟಿ ಮಾಡಿಸಿ ನೋಡ್ಲಿ. ಆಮ್ಯಾಲ ಏನ ಬರಿತಾರ ಬರೀಲಿ." ಜವಾನ ನಕ್ಕನಂತೆ. ಅವನು ಹೇಳಿದನೋ ಇಲ್ಲವೋ ಎಂದು ನಾವು ಮೂರು ದಿನ ಒದ್ದಾಡಿದೆವು. ಚಿಗವ್ವ ಒಂದು ಚೀಲದಲ್ಲಿ ನನ್ನ ಬಟ್ಟೆ, ಇನ್ನೊಂದರಲ್ಲಿ ಸಿದ್ದುವಿನ ಬಟ್ಟೆ ಇಟ್ಟಳು. ಆಮೇಲೆ ಎಲ್ಲ ಹೊರಗೆ ತೆಗೆದು ಎರಡನ್ನೂ ಒಂದೇ ಚೀಲಕ್ಕೆ ತುಂಬಿದಳು. ಮಾರನೆಯ ದಿನ ಮತ್ತೆ ಬೇರೆ ಮಾಡಿದಳು.

ಮಂಗಳವಾರ ಮುಂಜಾನೆ ನಳ ಬಂತು. ಹತ್ತು ದಿನದ ಮೇಲೆ ಬಂದಿತ್ತು. ನಳ ಬಂದ ಹೊತ್ತಿನಲ್ಲಿ ನಮ್ಮ ಓಣಿಯಲ್ಲಿ ಹೆಣ ಬಿದ್ದರೂ ಎತ್ತುವವರಿಲ್ಲ. ಚಿಗವ್ವ ಸೀರೆ ಎತ್ತಿ ಕಟ್ಟಿ ಕೊಡ ಹೊರುತ್ತಿದ್ದಳು, ಆಯಿ ಪೈಪು ಹಿಡಿದು ಗುರವ್ವನ ಜೊತೆ ಪಾಳಿಯ ಜಗಳ ಮಾಡುತ್ತಿದ್ದಳು, ಸಿದ್ದು ಚಡ್ಡಿಯಿಲ್ಲದೆ ಹರಿದ ನೀರಿನಲ್ಲಿ ಹೊರಳುತ್ತಿದ್ದ. ನಾನು ಕಟ್ಟೆಯ ಮೇಲೆ ಪುಸ್ತಕ ತೆರೆದು ಕೂತಿದ್ದೆ, ಯಾಕೆಂದರೆ ಅವತ್ತು ಪರೀಕ್ಷೆ ಇತ್ತು. ಯಾರೋ ಬಂದು ನನ್ನ ಪಕ್ಕ ನಿಂತರು. ಮೇಡಮ್ಮಾರು. ಚೀಲ ಅದೇ, ಕನ್ನಡಕ ಅದೇ. ನಾನು ಬಾಯಿ ತೆರೆಯುವ ಮೊದಲೇ ಆಯಿ ಅವರನ್ನು ನೋಡದೆ ಕೂಗಿದಳು: "ಏ ಯಾರದು, ನಿಂತ ಏನ ನೋಡತೀಯಬೇ, ಆ ಕೊಡಾ ಇತ್ತಾಗ ಸರಸು!" ಅವರು ಚೀಲ ನನ್ನ ತೊಡೆಯ ಮೇಲಿಟ್ಟು ಕೊಡ ಸರಿಸಿದರು. ಎರಡನೆಯದನ್ನೂ ಸರಿಸಿದರು. ಮೂರನೆಯದಕ್ಕೆ ಆಯಿ ತಲೆ ಎತ್ತಿ ಮುಖ ನೋಡಿ ಪೈಪನ್ನೇ ಕೈಬಿಟ್ಟಳು.

ಒಳಗೆ ಕುರ್ಚಿ ಇರಲಿಲ್ಲ. ಅವು ಗುರವ್ವನ ಮನೆ ಸೇರಿದ್ದವು. ಮೇಡಮ್ಮಾರು ಕುಣಿಯ ದಂಡೆಯ ಮೇಲೆ ಕೂತರು. ನಾವು ಮಲಗುವ ಜಾಗ ನೋಡಿದರು, ಹಲಗೆ ಯಾಕೆಂದು ಕೇಳಿ ತಿಳಿದುಕೊಂಡರು. ಒಂದರ ಮೇಲೊಂದು ಇಟ್ಟ ಎರಡು ಬಟ್ಟೆಚೀಲಗಳನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಲ್ಲಾರಿಗೂ ನಾನ ರೊಟ್ಟಿ ಬಡಿತೇನಿ ಅಂದಿದ್ಯಲ್ಲ ತಂಗಿ. ನನಗೊಂದು ಬಡಿ."

ಪರಾತದಲ್ಲಿ ಚಿಗವ್ವ ಆಗಲೇ ಬಿಸಿನೀರು ಹಾಕಿ ನಾದಿಟ್ಟ ಹಿಟ್ಟಿತ್ತು. ನಾನು ಕೂತೆ. ನೋಡಿ ನೋಡಿ ಗೊತ್ತಿದೆ ಎಂಬ ಧೈರ್ಯದಲ್ಲಿ ಹಿಟ್ಟಿನ ಮುದ್ದೆ ಇಟ್ಟು ಬಡಿದೆ. ಅದು ಒಂದು ಕಡೆ ಪರಾತಕ್ಕೆ ಅಂಟಿತು, ಇನ್ನೊಂದು ಕಡೆ ನನ್ನ ಕೈಗೆ ಅಂಟಿತು, ನಡುವೆ ಸೀಳಿತು. ಎತ್ತಿ ಹಂಚಿಗೆ ಹಾಕಲು ಹೋದರೆ ಅರ್ಧ ಒಲೆಯ ಬೂದಿಗೆ ಬಿತ್ತು. ಉಳಿದ ಅರ್ಧ ಹಂಚಿನ ಅಂಚಿಗೆ ಜೋತುಬಿದ್ದು ಹೊಗೆಯಾಡಿತು. ನಾನು ಬೆರಳು ಸುಟ್ಟುಕೊಂಡು ಕೂಗಿದೆ. ಸಿದ್ದು ಚಡ್ಡಿಯಿಲ್ಲದೆ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಕ್ಕಗ ಏನೂ ಬರಂಗಿಲ್ರಿ! ಚಿಗವ್ವ ಅಕಿನ್ನ ಒಲಿ ಹಂತ್ಯಾಕ ಬಿಡಂಗಿಲ್ಲ!"

ನನಗೆ ಎಲ್ಲ ಮುಗಿಯಿತು ಎನ್ನಿಸಿತು. ಕನ್ಯಾ ಪರೀಕ್ಷೆಯಲ್ಲಿ ಫೇಲು. "ಸುಳ್ಳ ಹೇಳಿದ್ನಿರಿ, ಎಲ್ಲಾ ಸುಳ್ಳರಿ, ನನಗ ಏನೂ ಬರಂಗಿಲ್ರಿ, ಆದ್ರ ಕಲಿತೇನ್ರಿ, ಸಿದ್ದೂನ ಬ್ಯಾರೆ ಕಳಸಬ್ಯಾಡ್ರಿ" ಎಂದು ಅತ್ತುಬಿಟ್ಟೆ. ಮೇಡಮ್ಮಾರು ನನ್ನ ಕೈಯನ್ನು ಅವತ್ತಿನಂತೆಯೇ ಹಿಡಿದು ತಿರುಗಿಸಿ ನೋಡಿ, ಚಿಗವ್ವನಿಗೆ ಹೇಳಿದರು:

"ಅವತ್ತ ನೋಡಿದಾಗನ ಸಂಶೆ ಬಂದಿತ್ತು. ಇಷ್ಟ ಕೆಲಸಾ ಮಾಡೋ ಕೈ ಅಲ್ಲ ಇದು. ನಮ್ಮ ಜವಾನ ನಿಮ್ಮ ಮಾತ ಹೇಳಿದ." ಹಂಚಿನ ಮೇಲಿದ್ದ ಅರ್ಧ ರೊಟ್ಟಿಯನ್ನು ಬೆರಳಲ್ಲಿ ಎತ್ತಿ ನೋಡಿದರು. "ಇಷ್ಟ ಕೆಟ್ಟ ರೊಟ್ಟಿ ನಾ ಎಲ್ಲೂ ನೋಡಿಲ್ಲ ಬಿಡ್ರಿ." ಹಾಗೆ ಹೇಳಿ ಅದನ್ನು ಶೇಂಗಾ ಚಟ್ನಿಗೆ ಹಚ್ಚಿ ತಿಂದರು.

ತಿನ್ನುತ್ತಲೇ ಚಿಗವ್ವನನ್ನು ಕೇಳಿದರು, ಈ ಎರಡು ಮಕ್ಕಳು ನಿನಗೆ ಯಾಕೆ ಬೇಕು ಎಂದು. ಇದಕ್ಕೆ ಆಯಿ ಯಾವ ಉತ್ತರವನ್ನೂ ಕಲಿಸಿರಲಿಲ್ಲ.

"ಅದೇನ ಹೇಳಲಿರಿ. ಇವು ಬಂದ ಮ್ಯಾಲ ನನ್ನ ಕೈಯಾಗ ಎಳಿ ಭಾಳ ಹರಿತಾವ. ಈ ಮಗ್ಗದ ಮ್ಯಾಲಿನ ಸೀರ್ಯಾಗ ನೋಡ್ರಿ, ಎಷ್ಟ ಗಂಟ ಬಿದ್ದಾವ. ಲಕ್ಷ್ಯ ಎಲ್ಲಾ ಬಾಗಲಕ್ಕ ಇರತೈತಿ, ಒಯ್ಯಾಕ ಬಂದ್ರೇನೋ ಅಂತ. ಇವನ್ನ ಒಯ್ದ ಮ್ಯಾಲ ನಾ ನೇಯತೇನಿ ಅಂತ ನನಗ ಅನಸಂಗಿಲ್ಲ."

ಮೇಡಮ್ಮಾರು ಸೀರೆಯ ಗಂಟುಗಳ ಮೇಲೆ ಬೆರಳಾಡಿಸಿದರು. ಬುಧವಾರ ಸಮಿತಿಯ ಮುಂದೆ ಅವರೇ ಎದ್ದು ಓದಿದರು. ಮಕ್ಕಳಿಬ್ಬರೂ ಚಿಗವ್ವನ ಹತ್ತಿರ ಕೂಡಿಯೇ ಇರಬೇಕು ಎಂದು. ಹುಡುಗಿಯನ್ನು ಶಾಲೆ ಬಿಡಿಸಬಾರದು, ಕೆಲಸಕ್ಕೆ ಹಚ್ಚಬಾರದು, ಹದಿನೆಂಟರ ತನಕ ಮದುವೆಯ ಮಾತೆತ್ತಬಾರದು, ಆಗಾಗ ಹೇಳದೆ ಕೇಳದೆ ಬಂದು ನೋಡುತ್ತೇವೆ ಎಂದು ಷರತ್ತು ಹಾಕಿದರು. ಚಿಗವ್ವ ಪ್ರತಿ ಷರತ್ತಿಗೂ ಕೈಮುಗಿದಳು. ದೊಡ್ಡಪ್ಪ ಟೋಪಿ ಹಾಕಿಕೊಂಡು ಎದ್ದು ಹೋದ. ಬೂಟು ಮಾತ್ರ ಕಳಿಸಿಕೊಟ್ಟ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಇಲ್ಲಿಗೆ ನಾನು ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಮುಂದಿನ ಏಳು ವರ್ಷ ನಮ್ಮ ಮನೆ ಯಾವಾಗಲೂ ಯಾರೋ ಬರುವ ಮನೆಯಾಗಿಯೇ ಇತ್ತು. ಶಾರದಾ ಮೇಡಮ್ಮಾರು ಬರುತ್ತಿದ್ದರು, ಅವರಿಗೆ ವರ್ಗವಾದ ಮೇಲೆ ಬೇರೊಬ್ಬರು, ಅವರ ಮೇಲೆ ಇನ್ನೊಬ್ಬರು. ಚಿಗವ್ವ ನನ್ನನ್ನು ಒಲೆಯ ಹತ್ತಿರ ಬಿಡಲೇ ಇಲ್ಲ. ಹನ್ನೆರಡಕ್ಕೆ ಬಿಡಲಿಲ್ಲ, ಹದಿನಾಲ್ಕಕ್ಕೆ ಬಿಡಲಿಲ್ಲ. ಓಣಿಯ ಹುಡುಗಿಯರೆಲ್ಲ ತಾಯಿಯ ಪಕ್ಕ ಕೂತು ರೊಟ್ಟಿ ಕಲಿತರು. ಗುರವ್ವನ ಮಗಳ ಮೊದಲ ಉಬ್ಬಿದ ರೊಟ್ಟಿಯನ್ನು ಓಣಿಗೆಲ್ಲ ತೋರಿಸಿ ಬಂದರು. ನಾನು ಪರಾತಕ್ಕೆ ಕೈ ಹಚ್ಚಿದರೆ ಚಿಗವ್ವ ಕೈಮೇಲೆ ಹೊಡೆಯುತ್ತಿದ್ದಳು. ಬೇರೆಯವರ ಮನೆಯಲ್ಲಿ ಅತಿಥಿಗಳನ್ನು ಅಡುಗೆಮನೆಗೆ ಬಿಡುವುದಿಲ್ಲವಲ್ಲ, ನಾನೂ ಹಾಗೆಯೇ ಎಂದು ನನ್ನ ತಲೆಯಲ್ಲಿ ಹೊಕ್ಕಿತು. ಹೊಕ್ಕಿದ್ದು ಬೆಳೆಯಿತು. ಆಯಿ ತೀರಿದ ವರ್ಷ, ಚಿಗವ್ವನಿಗೆ ಜ್ವರ ಬಂದು ಒಲೆಯ ಮುಂದೆ ಕೈ ನಡುಗುತ್ತಿದ್ದ ದಿನ, ನಾ ಬಡಿಯುತ್ತೇನೆ ಅಂದೆ. ಏಳು, ಓದಿಕೋ ಹೋಗು ಅಂದಳು. ನಾನು ಆಡಬಾರದ್ದನ್ನು ಆಡಿದೆ.

"ನಾ ನಿನ್ನ ಹೊಟ್ಟಿಲೆ ಹುಟ್ಟಿದ್ರ ಕಲಸ್ತಿದ್ದಿ."

ಅವಳು ನನ್ನನ್ನು ನೋಡಿದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಗುವ ತನಕ ನೋಡಿದಳು. ಸುಟ್ಟ ರೊಟ್ಟಿಯನ್ನು ತೆಗೆದು ತನ್ನ ತಾಟಿಗೆ ಹಾಕಿಕೊಂಡಳು. ಎರಡು ದಿನ ನಮ್ಮ ನಡುವೆ ಉಣ್ಣು, ಉಂಡೆ ಎಂಬ ಎರಡು ಮಾತುಗಳಷ್ಟೇ ಇದ್ದವು. ನಾನು ಕ್ಷಮಿಸು ಅನ್ನಲಿಲ್ಲ. ನನ್ನ ಸಿಟ್ಟು ಅಂಥದ್ದು, ಈಗಲೂ ಹಾಗೇ ಇದೆ ಎಂದು ಮಗಳು ಹೇಳುತ್ತಾಳೆ.

ನನಗೆ ಹದಿನೆಂಟು ತುಂಬಿದ ವಾರ ಕಚೇರಿಯವರು ಕೊನೆಯ ಸಲ ಬಂದರು. ಆ ಹೊತ್ತಿಗೆ ಬರುತ್ತಿದ್ದವರು ನನಗಿಂತ ಐದಾರು ವರ್ಷ ದೊಡ್ಡವರಿರಬೇಕು, ಅಷ್ಟೇ. ನನ್ನ ಕಾಲೇಜಿನ ಗುರುತಿನ ಚೀಟಿ ನೋಡಿದರು, ಮೂರು ಕಡೆ ಸಹಿ ಹಾಕಿಸಿಕೊಂಡರು, ನನ್ನ ಕಡತ ಇವತ್ತಿಗೆ ಮುಗಿಯಿತು ಎಂದರು. ಸಿದ್ದುವಿನದು ಇನ್ನೂ ಐದು ವರ್ಷ ಇತ್ತು. ಆದರೆ ಗಂಡುಹುಡುಗ ರೊಟ್ಟಿ ಬಡಿದರೆ ಯಾರು ಬರೆದುಕೊಳ್ಳುತ್ತಾರೆ, ಅವನಿಗೆ ಚಿಗವ್ವ ಹತ್ತನೇ ವಯಸ್ಸಿಗೇ ಕಲಿಸಿಬಿಟ್ಟಿದ್ದಳು. ಅದೂ ನನ್ನ ಉರಿಗೆ ಒಂದು ಕಾರಣ. ಚಿಗವ್ವ ಅವರನ್ನು ಓಣಿಯ ತಿರುವಿನ ತನಕ ಕಳಿಸಿ ಬಂದಳು. ಅವರು ಬಸ್ಸು ಹತ್ತುವುದನ್ನು ನೋಡಿಯೇ ಬಂದಿರಬೇಕು, ಅಷ್ಟು ಹೊತ್ತು ಮಾಡಿದಳು. ಒಳಗೆ ಬಂದು ಕದ ಹಾಕಿದಳು. ಹಗಲಿನಲ್ಲಿ ನಮ್ಮ ಮನೆಯ ಕದ ಹಾಕಿದ್ದು ಅವತ್ತೇ ಮೊದಲು. ನೇರ ಅಡುಗೆಮನೆಗೆ ಹೋದಳು, ಒಲೆ ಹಚ್ಚಿದಳು, ನೀರು ಕಾಯಿಸಿದಳು. ಪರಾತ ನೆಲಕ್ಕೆ ಇಟ್ಟ ಸದ್ದು ಕೇಳಿತು.

"ರೇಣೀ, ಬಾ ಇಲ್ಲೆ. ಕುಂಡ್ರು."

"ಯಾಕ?"

"ರೊಟ್ಟಿ ಕಲಿ ಬಾ."

ನಾನು ಬಾಗಿಲಲ್ಲೇ ನಿಂತೆ.

"ಇಷ್ಟ ದಿನಾ ಯಾಕ ಕಲಸಲಿಲ್ಲ?"

ಚಿಗವ್ವ ಹಿಟ್ಟಿಗೆ ಬಿಸಿನೀರು ಸುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಿನಗ ರೊಟ್ಟಿ ಬಂದಿದ್ರ, ನೋಡಾಕ ಬಂದವರು ನಿನ್ನ ಕೈ ನೋಡಿ ಒಯ್ತಿದ್ರು."

ನಾನು ಹೋಗಿ ಅವಳ ಪಕ್ಕ ಕೂತೆ. ಹಿಟ್ಟು ಬಿಸಿಯಿತ್ತು. ಅವಳು ನನ್ನ ಕೈಯನ್ನು ತನ್ನ ಕೈಯಿಂದ ಹಿಡಿದು ಹಿಟ್ಟಿನ ಮೇಲೆ ಇಟ್ಟಳು. ನನ್ನ ಕಣ್ಣೀರು ಪರಾತಕ್ಕೆ ಬೀಳುತ್ತಿತ್ತು, ಅವಳ ಕಣ್ಣೂ ತುಂಬಿದ್ದವು.

"ಅಳೂದಿದ್ರ ಹಿಂದಾಗಡೆ ಅಳು," ಅಂದಳು. "ಹಿಟ್ಟ ಆರತೈತಿ, ಬಡಿ."